ಮನೆಯಲ್ಲೇ ಮ್ಯೂಸಿಕ್ ಸ್ಟುಡಿಯೊ: ಮೊಟ್ಟೆ ಟ್ರೇ ಬೇಡ, ಹಾಗಾದರೆ ಏನು ಬೇಕು?

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಕೋಣೆ ಸೌಂಡ್ ಪ್ರೂಫ್ ಆಗುತ್ತದೆ, ಮನೆಯಲ್ಲೇ ಸ್ಟುಡಿಯೊ ರೆಡಿ ಎನ್ನುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅದರ ಬೆನ್ನಿಗೇ ಒಂದು ಪಟ್ಟಿಯೂ ಬರುತ್ತದೆ: ಕಂಡೆನ್ಸರ್ ಮೈಕ್, ದೊಡ್ಡ ಸ್ಪೀಕರ್ ಜೋಡಿ, ಮಿಕ್ಸರ್, ಮಿಡಿ ಕೀಬೋರ್ಡ್, ಫೋಮ್ ಶೀಟು, ಬಣ್ಣದ ಲೈಟು. ಇಷ್ಟಿಲ್ಲದೆ ಹಾಡು ರೆಕಾರ್ಡ್ ಮಾಡಲಾಗದು ಎಂಬ ಒಕ್ಕಣೆಯೂ ಜೊತೆಗಿರುತ್ತದೆ.

ಎರಡೂ ಮಾತು ತಪ್ಪು. ಮೊದಲನೆಯದು ತಪ್ಪಷ್ಟೇ ಅಲ್ಲ, ಅಪಾಯ ಕೂಡ. ಎರಡನೆಯದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದೆಂದು ಗೊತ್ತಾಗದಿದ್ದರೆ ಕೂಡಿಟ್ಟ ಹಣ ಕರಗುತ್ತದೆ, ಹಾಡು ಮಾತ್ರ ಬಚ್ಚಲುಮನೆಯಲ್ಲಿ ಹಾಡಿದಂತೆಯೇ ಕೇಳಿಸುತ್ತದೆ.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು, ಅಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಸ್ಟುಡಿಯೊ ಸಲಹೆಗಳಲ್ಲಿ ಹೆಚ್ಚಿನವು ಕಾರ್ಪೆಟ್ ಹಾಸಿದ, ಎಸಿ ಇರುವ, ಜಿಪ್ಸಮ್ ಗೋಡೆಯ ಮನೆಗಳಿಗೆ ಹೇಳಿದವು. ನಮ್ಮಲ್ಲಿ ಇರುವುದು ಆರ್‌ಸಿಸಿ ಮನೆ, ಟೈಲ್ಸ್ ನೆಲ, ಇಲ್ಲವೇ ತಗಡಿನ ಶೀಟು. ಪಕ್ಕದಲ್ಲಿ ಬೋರ್‌ವೆಲ್ ಮೋಟಾರು. ಚನ್ನಗಿರಿ ಕಡೆಯಾದರೆ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರದ ಸದ್ದು. ಹೊನ್ನಾಳಿ, ನ್ಯಾಮತಿಯ ಗದ್ದೆ ಬಯಲಿನಲ್ಲಿ ಮಳೆಗಾಲದ ರಾತ್ರಿ ಕಪ್ಪೆಗಳ ಮೇಳ. ಜಗಳೂರಿನ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಹತ್ತು ನಿಮಿಷ ಕೂರುವುದೇ ಸಾಹಸ.

ಹಾಡುವವರಿಗಂತೂ ಇಲ್ಲಿ ಬರವಿಲ್ಲ. ಭಜನಾ ಮಂಡಳಿಗಳಿವೆ, ಡೊಳ್ಳಿನ ತಂಡಗಳಿವೆ, ತಾಂಡಾಗಳಲ್ಲಿ ಲಂಬಾಣಿ ಹಾಡುಗಳಿವೆ. ಸಂತ ಸೇವಾಲಾಲರ ಜನ್ಮಸ್ಥಳ ಎಂದು ಬಂಜಾರರು ನಂಬುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ. ಮದುವೆಮನೆಯಲ್ಲಿ ಸೋಬಾನೆ ಪದ ಹೇಳುವ ಅಜ್ಜಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರಿಗೆ ಗೊತ್ತಿರುವ ಹಾಡುಗಳಲ್ಲಿ ಎಷ್ಟೋ ಎಲ್ಲೂ ಬರೆದಿಟ್ಟವಲ್ಲ. "ಮೊದಲು ಸ್ಟುಡಿಯೊ ಆಗಲಿ, ಆಮೇಲೆ ರೆಕಾರ್ಡ್ ಮಾಡೋಣ" ಎಂದು ಎರಡು ವರ್ಷ ಕಾದರೆ ಹಾಡುವ ಅಜ್ಜಿ ಇರುತ್ತಾರೋ ಇಲ್ಲವೋ. ಪಟ್ಟಿ ನೋಡಿ ಹೆದರಿ ಕೂರಬಾರದು ಎಂದು ನಾವು ಹೇಳುವುದು ಇದಕ್ಕೇ.

ಮೊಟ್ಟೆ ಟ್ರೇ ಸದ್ದನ್ನು ತಡೆಯುತ್ತದೆಯೇ?

ಇಲ್ಲ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ತಿಳಿದದ್ದರಿಂದ ಗೊಂದಲ ಹುಟ್ಟಿದೆ. ಹೊರಗಿನ ಸದ್ದು ಒಳಗೆ ಬಾರದಂತೆ, ಒಳಗಿನದು ಹೊರಗೆ ಹೋಗದಂತೆ ತಡೆಯುವುದು ಒಂದು ಕೆಲಸ. ಕೋಣೆಯೊಳಗೆ ಸದ್ದು ಗೋಡೆಗೆ ಬಡಿದು ವಾಪಸು ಬಂದು ಗುಂಯ್‌ಗುಡುವುದನ್ನು ಕಡಿಮೆ ಮಾಡುವುದು ಇನ್ನೊಂದು ಕೆಲಸ.

ಸದ್ದು ತಡೆಯಲು ಬೇಕಾದದ್ದು ತೂಕ. ಸದ್ದೆಂದರೆ ಗಾಳಿಯ ಅದುರುವಿಕೆ. ಅದು ಗೋಡೆಯನ್ನು ಅಲುಗಾಡಿಸಿದರೆ ಮಾತ್ರ ಆಚೆ ಬದಿಯ ಗಾಳಿಗೆ ದಾಟುತ್ತದೆ. ಗೋಡೆ ಭಾರವಾಗಿದ್ದಷ್ಟೂ ಅಲುಗುವುದು ಕಡಿಮೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆಯ ಒಂದು ಚದರ ಮೀಟರ್ 400 ಕಿಲೋಗೂ ಹೆಚ್ಚು ತೂಗುತ್ತದೆ. ಅಷ್ಟೇ ಜಾಗ ಮುಚ್ಚುವ ಮೊಟ್ಟೆ ಟ್ರೇಗಳನ್ನೆಲ್ಲ ತಕ್ಕಡಿಗೆ ಹಾಕಿದರೆ ಒಂದು ಕಿಲೋ ಆಸುಪಾಸು. 400 ಕಿಲೋ ತಡೆಯಲಾಗದ್ದನ್ನು ಇನ್ನೊಂದು ಕಿಲೋ ತಡೆದೀತೇ?

ನಿಜವಾಗಿ ಸದ್ದು ಒಳಬರುವುದು ಗೋಡೆಯಿಂದಲ್ಲ, ಸಂದಿಯಿಂದ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಸಾಕು, ಉಳಿದ 99 ಪಾಲು ಎಷ್ಟೇ ದಪ್ಪವಿದ್ದರೂ ಒಟ್ಟಾರೆ ತಡೆ 20 ಡೆಸಿಬಲ್ ದಾಟುವುದಿಲ್ಲ. ಒಳ್ಳೆಯ ಇಟ್ಟಿಗೆ ಗೋಡೆ ಒಂದೇ 45-50 ಡೆಸಿಬಲ್ ತಡೆಯಬಲ್ಲದು. ಅಷ್ಟನ್ನೂ ಬಾಗಿಲಡಿಯ ಬೆರಳಗಲದ ಸಂದಿ ಹಾಳುಮಾಡುತ್ತದೆ. ಹಾಗಾಗಿ ಟ್ರೇಗೆ ಹಾಕುವ ದುಡ್ಡಿನಲ್ಲಿ ಬಾಗಿಲ ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸಿ, ಬಾಗಿಲಡಿಗೆ ಹಳೆಯ ಕಂಬಳಿ ಸುತ್ತಿ ಒತ್ತಿ. ಕಿಟಕಿಯ ಸಡಿಲ ಗಾಜನ್ನು ಬಿಗಿ ಮಾಡಿಸಿ. ಒಂದು ಎಚ್ಚರಿಕೆ: ರೆಕಾರ್ಡಿಂಗ್ ಮುಗಿದ ಕೂಡಲೇ ಬಾಗಿಲು ಕಿಟಕಿ ತೆರೆಯಿರಿ, ಮುಚ್ಚಿದ ಕೋಣೆಯ ಹತ್ತಿರ ಜನರೇಟರ್ ಓಡಿಸಬೇಡಿ.

ತಗಡಿನ ಮನೆಯವರಿಗೆ ನಿಜ ಹೇಳಿಬಿಡುತ್ತೇವೆ: ಮಳೆ ಬರುವಾಗ ರೆಕಾರ್ಡಿಂಗ್ ಸಾಧ್ಯವಿಲ್ಲ. ಅದಕ್ಕೆ ಅಗ್ಗದ ಪರಿಹಾರವೂ ಇಲ್ಲ. ಮೋಟಾರು ನಿಂತಿರುವ, ಹಕ್ಕಿಗಳು ಇನ್ನೂ ಏಳದ ಬೆಳಗಿನ ಜಾವವೇ ನಿಮ್ಮ ಸೌಂಡ್ ಪ್ರೂಫಿಂಗ್. ಅದಕ್ಕೆ ಖರ್ಚಿಲ್ಲ.

ಹಾಗಾದರೆ ಜನ ನಂಬುವುದೇಕೆ? ಟ್ರೇ ಅಂಟಿಸಿದ ಕೋಣೆಯಲ್ಲಿ ಚಪ್ಪಾಳೆ ಹೊಡೆದರೆ ಸ್ವಲ್ಪ ವ್ಯತ್ಯಾಸ ಕೇಳಿಸುವುದು ನಿಜ. ರಟ್ಟು ಕೀಚಲು ಸದ್ದನ್ನು ಒಂದಿಷ್ಟು ಹೀರುತ್ತದೆ, ಉಬ್ಬುತಗ್ಗು ಒಂದಿಷ್ಟು ಚದುರಿಸುತ್ತದೆ. ದಪ್ಪ ದನಿಗೆ ಮಾತ್ರ ಏನೂ ಮಾಡುವುದಿಲ್ಲ. ಲೆಕ್ಕ ನೋಡಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 4,000 ಹರ್ಟ್ಸ್ ಕಂಪನದ ಒಂದು ಅಲೆಯ ಉದ್ದ 8-9 ಸೆಂಟಿಮೀಟರ್. 100 ಹರ್ಟ್ಸ್ ಆದರೆ ಅದೇ ಅಲೆ 3.4 ಮೀಟರ್, ಅಂದರೆ ಕೋಣೆಗಿಂತ ಉದ್ದ. ರಂಧ್ರಗಳಿರುವ ಮೆತ್ತನೆಯ ವಸ್ತು ಸದ್ದನ್ನು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಆ ಅಲೆಯ ಕಾಲುಭಾಗದ ಹತ್ತಿರ ಇರಬೇಕು. ಕೀಚಲು ಸದ್ದಿಗೆ ಎರಡು ಸೆಂಟಿಮೀಟರ್ ಸಾಕು. ಡೊಳ್ಳು, ತಬಲದ ಡಗ್ಗ, ಗಂಡಸರ ದನಿಯ ಕೆಳಭಾಗಕ್ಕೆ ಬೇಕಾದದ್ದು ಇದರ ಎಷ್ಟೋ ಪಟ್ಟು. ಅಂಗೈ ದಪ್ಪದ ಟ್ರೇ ಅಥವಾ ಒಂದಿಂಚಿನ ಫೋಮ್ ತುಂಬಿದ ಕೋಣೆಯಲ್ಲಿ ಮೇಲಿನ ಹೊಳಪು ಸತ್ತು, ಕೆಳಗಿನ ಗುಂಯ್ ಹಾಗೆಯೇ ಉಳಿಯುತ್ತದೆ. ಹಾಡು ಡಬ್ಬಿಯೊಳಗಿಂದ ಬಂದಂತೆ ಕೇಳುವುದು ಇದರಿಂದಲೇ.

ಫೋಮ್ ಬಗ್ಗೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ

ಮೊಟ್ಟೆ ಟ್ರೇ ಕಾಗದ. ಅಗ್ಗದ ಅಕೌಸ್ಟಿಕ್ ಫೋಮ್ ಎಂದು ಮಾರುವುದು ಬಹುತೇಕ ಪಾಲಿಯುರೆಥೇನ್. ಬೆಂಕಿ ನಿರೋಧಕ ರಾಸಾಯನಿಕ ಬೆರೆಸದ ಪಾಲಿಯುರೆಥೇನ್ ಹೊತ್ತಿಕೊಂಡರೆ ನಿಮಿಷಗಳಲ್ಲಿ ಗೋಡೆ ಪೂರ್ತಿ ಉರಿಯುತ್ತದೆ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಸಯನೈಡ್ ಇರುತ್ತವೆ. 2003ರ ಫೆಬ್ರುವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್ ಕ್ಲಬ್‌ನಲ್ಲಿ ವೇದಿಕೆಯ ಪಟಾಕಿಯ ಕಿಡಿ ಇಂಥ ಫೋಮಿಗೆ ತಗುಲಿ 100 ಜನ ಸತ್ತರು. 2013ರ ಜನವರಿಯಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾ ನಗರದ ಕಿಸ್ ನೈಟ್ ಕ್ಲಬ್‌ನಲ್ಲಿ ಇದೇ ಬಗೆಯ ಫೋಮು, ಇದೇ ಬಗೆಯ ಕಿಡಿ, ಸತ್ತವರು 242. ಹೆಚ್ಚಿನವರ ಪ್ರಾಣ ತೆಗೆದದ್ದು ಉರಿಯಲ್ಲ, ಹೊಗೆ.

ಮನೆಯಲ್ಲಿ ಯಾರೂ ಪಟಾಕಿ ಹೊಡೆಯುವುದಿಲ್ಲ ಎನ್ನಬಹುದು. ಆದರೆ ನಮ್ಮ ಮನೆಗಳಲ್ಲಿ ದೇವರ ದೀಪ, ಊದುಬತ್ತಿ, ಕರೆಂಟು ಹೋದಾಗ ಮೇಣದ ಬತ್ತಿ ಇರುತ್ತವೆ. ಒಂದೇ ಪ್ಲಗ್ ಪಾಯಿಂಟಿಗೆ ನಾಲ್ಕು ಚಾರ್ಜರ್ ನೇತುಹಾಕಿದ ಎಕ್ಸ್‌ಟೆನ್ಷನ್ ಬೋರ್ಡ್ ಇರುತ್ತದೆ. ಅದರ ಹಿಂದೆಯೇ ಫೋಮ್ ಗೋಡೆ ಇದ್ದರೆ ಕಿಡಿಗೆ ಬೇರೆ ಕಾರಣ ಬೇಕಿಲ್ಲ. ಇದರ ಮೇಲೆ ಬಳಸಿದ ಮೊಟ್ಟೆ ಟ್ರೇಗಳಿಗೆ ಜಿರಲೆಯೂ ಬರುತ್ತದೆ, ಒಡೆದ ಮೊಟ್ಟೆಯ ಲೋಳೆ ಒಣಗಿದ್ದರೆ ರೋಗಾಣುವೂ ಇರಬಹುದು.

ಹತ್ತು-ಹತ್ತರ ಕೋಣೆಯ ಕಿತಾಪತಿ

ನಮ್ಮ ಕಡೆ ಹೊಸ ಮನೆ ಕಟ್ಟಿಸುವವರು ಮಲಗುವ ಕೋಣೆಯನ್ನು ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ ಮಾಡಿಸುವುದು ಸಾಮಾನ್ಯ. ಮೇಲೆ ಛಾವಣಿಯೂ ಹತ್ತಡಿ. ವಾಸಕ್ಕೆ ಚೆನ್ನ, ಸಂಗೀತಕ್ಕೆ ಇದಕ್ಕಿಂತ ಕೆಟ್ಟ ಅಳತೆ ಸಿಗುವುದು ಕಷ್ಟ.

ಎದುರುಬದುರು ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸುವ ಕಂಪನ ಆ ಕೋಣೆಯಲ್ಲಿ ತಾನಾಗಿ ಮೊಳಗುತ್ತದೆ. ಹತ್ತು ಅಡಿಗೆ ಅದು ಸುಮಾರು 56 ಹರ್ಟ್ಸ್, ಆಮೇಲೆ ಅದರ ಎರಡರಷ್ಟು, ಅಂದರೆ 113ರ ಹತ್ತಿರ. ಉದ್ದ, ಅಗಲ, ಎತ್ತರ ಬೇರೆ ಬೇರೆಯಾಗಿದ್ದರೆ ಈ ಮೊಳಗು ಮೂರು ಕಡೆ ಹಂಚಿಹೋಗುತ್ತದೆ. ಮೂರೂ ಹತ್ತೇ ಆದರೆ ಮೂರೂ ಒಂದೇ ಸ್ವರದ ಮೇಲೆ ಬೀಳುತ್ತವೆ. ಡೊಳ್ಳಿನ ಒಂದು ಪೆಟ್ಟು ಭೀಕರವಾಗಿ ಕೇಳಿ, ಪಕ್ಕದ ಪೆಟ್ಟು ಸಪ್ಪೆ ಎನಿಸುವುದು ಇದರಿಂದ. "ಮೈಕ್ ಸರಿ ಇಲ್ಲ" ಎಂದು ಮೈಕನ್ನು ವಾಪಸು ಕಳಿಸುವವರ ಕೋಣೆಯನ್ನು ಒಮ್ಮೆ ಅಳೆದು ನೋಡಬೇಕು ಎನಿಸುತ್ತದೆ ನಮಗೆ.

ಆಯ್ಕೆ ಇದ್ದರೆ ಉದ್ದನೆಯ ಪಡಸಾಲೆ ಹಿಡಿಯಿರಿ. ಹಳೆಯ ಮಣ್ಣಿನ ಗೋಡೆ, ನಾಡಹೆಂಚಿನ ಮನೆ ಇದ್ದರೆ ಇನ್ನೂ ಒಳ್ಳೆಯದು: ಇಳಿಜಾರು ಮಾಡು, ಒರಟು ಗೋಡೆ, ಅಟ್ಟದ ಮೇಲಿನ ಸಾಮಾನು ಎಲ್ಲ ಸೇರಿ ಸದ್ದನ್ನು ಒಂದೇ ದಿಕ್ಕಿನಲ್ಲಿ ಪುಟಿಯಗೊಡುವುದಿಲ್ಲ. ಹತ್ತು-ಹತ್ತರ ಕೋಣೆಯೇ ಗತಿಯಾದರೆ ಸರಿಯಾಗಿ ನಡುಮಧ್ಯದಲ್ಲಿ ಕೂರಬೇಡಿ, ಮೂಲೆಯಲ್ಲೂ ಬೇಡ. ಒಂದು ಗೋಡೆಯಿಂದ ಮೂರೂವರೆ ನಾಲ್ಕಡಿ ಬಿಟ್ಟು ನಿಲ್ಲಿ.

ಹೀರುವ ವಸ್ತುವಿಗೆ ಆನ್‌ಲೈನ್ ಆರ್ಡರ್ ಬೇಕಿಲ್ಲ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ದಾವಣಗೆರೆಯ ಜಿಲ್ಲೆಯಿದು. ಹತ್ತಿ ಗಾದಿ ಇಲ್ಲದ ಮನೆ ಅಪರೂಪ. ನಾಲ್ಕಿಂಚಿನ ಹತ್ತಿ ಗಾದಿಯನ್ನು ಹಾಡುವವರ ಬೆನ್ನ ಹಿಂದೆ, ಗೋಡೆಯಿಂದ ಒಂದು ಗೇಣು ದೂರಕ್ಕೆ ನಿಲ್ಲಿಸಿ. ಆ ಖಾಲಿ ಜಾಗ ಗಾದಿಯ ದಪ್ಪವನ್ನು ಹೆಚ್ಚಿಸಿದಂತೆ ಕೆಲಸ ಮಾಡುತ್ತದೆ, ಆದ್ದರಿಂದ ಗೋಡೆಗೆ ತಾಗಿಸಬೇಡಿ. ಎರಡು ಪಕ್ಕಕ್ಕೆ ಹಗ್ಗ ಕಟ್ಟಿ ದಪ್ಪ ಕೌದಿ ಇಳಿಬಿಡಿ. ಟೈಲ್ಸ್ ನೆಲಕ್ಕೆ ಜಮಖಾನ ಹಾಸಿ. ಬೆನ್ನ ಹಿಂದೆಯೇ ಏಕೆ ಎಂದರೆ, ಮೈಕು ನೋಡುತ್ತಿರುವುದು ಹಾಡುವವರ ಕಡೆಗೆ. ಅವರ ಹಿಂದಿನ ಗೋಡೆಯಿಂದ ಬರುವ ಸದ್ದು ನೇರ ಅದರ ಬಾಯಿಗೆ ಬೀಳುತ್ತದೆ. ಹತ್ತಿಯೂ ಉರಿಯುವ ವಸ್ತುವೇ, ಹಾಗಾಗಿ ದೀಪ ಅಲ್ಲಿಂದ ದೂರವಿರಲಿ. ಆದರೆ ಗಾದಿ ಕೆಲಸ ಮುಗಿದ ಮೇಲೆ ಮಡಿಸಿ ಎತ್ತಿಡುವಂಥದ್ದು, ಗೋಡೆಗೆ ಅಂಟಿ ಕೂರುವುದಲ್ಲ.

ಸ್ಟೀಲ್ ಬೀರು ಇರುವ ಕೋಣೆ ಬೇಡ. ಅದರ ಬಾಗಿಲು ಒಂದು ಸ್ವರಕ್ಕೆ ಝಣ್ ಎನ್ನುತ್ತದೆ, ನೀವು ಹುಡುಕುತ್ತ ಕೂರುತ್ತೀರಿ.

ಮೈಕ್: ದುಬಾರಿಯೇ ಬೇಕೆ?

ಮೈಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಂಡೆನ್ಸರ್ ಮೈಕು ಸೂಕ್ಷ್ಮ, ಉಸಿರಿನ ಎಳೆಯನ್ನೂ ಹಿಡಿಯುತ್ತದೆ. ಜೊತೆಗೆ ಫ್ಯಾನು, ಬೀದಿನಾಯಿ, ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತದೆ. ಡೈನಮಿಕ್ ಮೈಕು ಅಷ್ಟು ಸೂಕ್ಷ್ಮವಲ್ಲ; ಬಾಯಿಗೆ ಹತ್ತಿರ ಹಿಡಿದು ಹಾಡಿದರೆ ಹತ್ತಿರದ ದನಿಯೇ ಮುಂದಾಗಿ, ದೂರದ ಸದ್ದು ಹಿಂದೆ ಬೀಳುತ್ತದೆ. ಜಾತ್ರೆ, ನಾಟಕದ ವೇದಿಕೆಯ ಮೇಲೆ ನೀವು ಕಾಣುವ, ತಲೆಗೆ ಉಂಡೆ ಜಾಲರಿ ಇರುವ ಮೈಕು ಇದೇ ಜಾತಿ. ಇವುಗಳಲ್ಲಿ ಪ್ರಸಿದ್ಧವಾದ ಶೂರ್ ಎಸ್‌ಎಂ 58 ಮಾರುಕಟ್ಟೆಗೆ ಬಂದದ್ದು 1966ರಲ್ಲಿ, ಇವತ್ತಿಗೂ ಮಾರಾಟವಾಗುತ್ತಿದೆ.

ಸ್ಟುಡಿಯೊ ಎಂದರೆ ಕಂಡೆನ್ಸರೇ ಎನ್ನುವವರಿಗೆ ಒಂದು ಉದಾಹರಣೆ ಸಾಕು. ಮೈಕಲ್ ಜಾಕ್ಸನ್‌ನ 1982ರ ಥ್ರಿಲ್ಲರ್ ಆಲ್ಬಂನ ಹಾಡುಗಾರಿಕೆಗೆ ರೆಕಾರ್ಡಿಂಗ್ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಬಳಸಿದ್ದು ಶೂರ್ ಎಸ್‌ಎಂ 7 ಎಂಬ ಡೈನಮಿಕ್ ಮೈಕನ್ನು. ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಅದೊಂದು.

ಗದ್ದಲದ ಮನೆಗೆ, ಮೊದಲ ಬಾರಿ ಕೊಳ್ಳುವವರಿಗೆ ನಾವು ಡೈನಮಿಕ್ ಮೈಕನ್ನೇ ಹೇಳುತ್ತೇವೆ. ಊರಾಚೆಯ ನಿಶ್ಶಬ್ದ ಮನೆ, ತೆಳು ದನಿಯ ಹಾಡುಗಾರರು, ಏಕತಾರಿ, ಕೊಳಲು ಎಂದಾದರೆ ಕಂಡೆನ್ಸರ್ ಚೆನ್ನ. ಅದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು. ಇಂಟರ್‌ಫೇಸಿನ ಮೇಲಿನ ಒಂದು ಗುಂಡಿ ಅದನ್ನು ಕೊಡುತ್ತದೆ. ಆ ಗುಂಡಿ ಒತ್ತಿದರೆ ಡೈನಮಿಕ್ ಮೈಕು ಸುಟ್ಟುಹೋಗುತ್ತದೆ ಎಂಬ ಮಾತು ಓಡಾಡುತ್ತಿದೆ. ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ ಹಾಕಿದ್ದರೆ ಹಾಗೇನೂ ಆಗುವುದಿಲ್ಲ. ಹಳೆಯ ರಿಬ್ಬನ್ ಮೈಕುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಅವು ನಮ್ಮ ಕೈಗೆ ಬರುವುದು ಕಡಿಮೆ.

ಯಾವ ಮೈಕು ಎನ್ನುವುದಕ್ಕಿಂತ ಎಷ್ಟು ದೂರ ಎನ್ನುವುದು ದೊಡ್ಡ ಪ್ರಶ್ನೆ. ಬಾಯಿಂದ ಮೈಕಿನ ದೂರ ಎರಡು ಪಟ್ಟಾದರೆ ನೇರ ದನಿ ಸುಮಾರು 6 ಡೆಸಿಬಲ್ ಕುಸಿಯುತ್ತದೆ. ಕೋಣೆಯ ಗುಂಯ್ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಒಂದು ಗೇಣಿನಿಂದ ನಾಲ್ಕು ಗೇಣಿಗೆ ಸರಿದರೆ 12 ಡೆಸಿಬಲ್ ಹೋಯಿತು. ಆಮೇಲೆ ಯಾವ ಸಾಫ್ಟ್‌ವೇರೂ ಆ ಗುಂಯ್ ಅನ್ನು ಪೂರ್ತಿ ಕೀಳಲಾರದು. ಹಾಡಿಗೆ ಅರ್ಧ ಗೇಣಿನಿಂದ ಒಂದು ಗೇಣು ಸರಿ. ತೀರಾ ತುಟಿಗೆ ಒತ್ತಿದರೆ ದನಿ ದಪ್ಪವಾಗಿ ಊದಿಕೊಳ್ಳುತ್ತದೆ. "ಪ", "ಬ", "ಫ" ಬಂದಾಗ ಗಾಳಿ ಬಡಿಯದಂತೆ ಮೈಕಿನ ಮುಂದೆ ಪಾಪ್ ಫಿಲ್ಟರ್ ಬೇಕು. ಕಸೂತಿಯ ಮರದ ರಿಂಗಿಗೆ ತೆಳು ನೈಲಾನ್ ಬಟ್ಟೆ ಎಳೆದು ಕಟ್ಟಿದರೂ ಅದೇ ಕೆಲಸ.

ಡೊಳ್ಳನ್ನು ಮಾತ್ರ ಕೋಣೆಗೆ ತರಬೇಡಿ. ಅದು ಬಯಲಿನ ವಾದ್ಯ. ಗಾಳಿಯಿಲ್ಲದ ಸಂಜೆ ಕಣದಲ್ಲಿ, ಹತ್ತಡಿ ದೂರದಿಂದ ಹಿಡಿದರೆ ಗೋಡೆಯ ತಕರಾರೇ ಇರುವುದಿಲ್ಲ.

ಇಂಟರ್‌ಫೇಸ್, ಮತ್ತು 192ರ ಮೋಹ

ಮೈಕಿನ ದುರ್ಬಲ ಸಂಕೇತವನ್ನು ಬಲಪಡಿಸಿ, ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೆ ಕೊಡುವ ಪುಟ್ಟ ಡಬ್ಬಿಗೆ ಆಡಿಯೊ ಇಂಟರ್‌ಫೇಸ್ ಎನ್ನುತ್ತಾರೆ. ಎರಡು ಮೈಕು ಹಾಕಬಹುದಾದದ್ದು ಸಾಕು: ಒಂದು ದನಿಗೆ, ಒಂದು ಹಾರ್ಮೋನಿಯಂಗೆ ಅಥವಾ ತಬಲಕ್ಕೆ. ದೊಡ್ಡ ಮಿಕ್ಸರ್ ಬೇಕಾಗುವುದು ವೇದಿಕೆಗೆ. ಮನೆಯಲ್ಲಿ ಅದು ಮೇಜು ತುಂಬಿಸುತ್ತದೆ ಅಷ್ಟೇ.

ಡಬ್ಬಿಯ ಮೇಲೆ 192 ಕಿಲೋಹರ್ಟ್ಸ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್, ವಯಸ್ಸಾದಂತೆ ಅದೂ ಇಳಿಯುತ್ತದೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಅದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಬಾರಿ ಅಳೆದರೆ ಸಾಕು ಎನ್ನುವುದು ನೈಕ್ವಿಸ್ಟ್ ಮತ್ತು ಶಾನನ್ ಹೆಸರಿನ ಗಣಿತ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಗೆ 44.1 ಕಿಲೋಹರ್ಟ್ಸ್ ಇಟ್ಟದ್ದು ಈ ಲೆಕ್ಕದಿಂದಲೇ. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು ರೆಕಾರ್ಡ್ ಮಾಡಿ. 192 ಇಟ್ಟರೆ ಫೈಲು ನಾಲ್ಕು ಪಟ್ಟು ದೊಡ್ಡದಾಗುತ್ತದೆ, ಕಿವಿಗೆ ಲಾಭವಿಲ್ಲ. ನಮ್ಮ ಭಾಗದ ಜನ ಭದ್ರಾವತಿ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳಿ ಬೆಳೆದವರು. ಆ ತರಂಗದಲ್ಲಿ ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ ಇರುವ ಅಂತರವೇ 9 ಕಿಲೋಹರ್ಟ್ಸ್, ಕೀಚಲು ಸದ್ದು ಅರ್ಧಕ್ಕರ್ಧ ಬರುತ್ತಲೇ ಇರಲಿಲ್ಲ. ಆದರೂ ಹಾಡು ನೆನಪಿನಲ್ಲಿ ಉಳಿದಿದೆ.

24 ಬಿಟ್ ಮಾತ್ರ ನಿಜವಾಗಿಯೂ ಉಪಯೋಗದ್ದು. ಸದ್ದಿನ ಮಟ್ಟವನ್ನು ಕೆಂಪು ದೀಪದಿಂದ ಸಾಕಷ್ಟು ಕೆಳಗಿಟ್ಟು, ಆಮೇಲೆ ನೆಮ್ಮದಿಯಾಗಿ ಏರಿಸಬಹುದು. ಒಮ್ಮೆ ಕೆಂಪು ಹತ್ತಿ ದನಿ ಒಡೆದರೆ ಅದನ್ನು ಕೂಡಿಸಲಾಗದು.

ಕಿವಿಗೆ ಏನು?

ಸ್ಪೀಕರ್ ಜೋಡಿಯನ್ನು ಪಟ್ಟಿಯಿಂದ ಸದ್ಯಕ್ಕೆ ಹೊಡೆದುಹಾಕಿ. ಮೇಲೆ ಹೇಳಿದ ಹತ್ತು-ಹತ್ತರ ಕೋಣೆಯಲ್ಲಿ ಎಷ್ಟು ದುಬಾರಿ ಸ್ಪೀಕರ್ ಇಟ್ಟರೂ ನೀವು ಕೇಳುವುದು ಕೋಣೆಯನ್ನೇ. ಒಂದು ತಂತಿಯ ಹೆಡ್‌ಫೋನ್, ಕಿವಿ ಪೂರ್ತಿ ಮುಚ್ಚುವಂಥದ್ದು, ಸಾಕು. ಹಿಂಬದಿ ತೆರೆದ ಹೆಡ್‌ಫೋನ್ ಹಾಡುವಾಗ ಬೇಡ, ಅದರ ಸದ್ದು ಸೋರಿ ಮತ್ತೆ ಮೈಕಿಗೆ ಹೋಗುತ್ತದೆ.

ಬ್ಲೂಟೂತ್ ಏಕೆ ಆಗದು? ಅದರಲ್ಲಿ ಸದ್ದು ಕಿವಿಗೆ ಬರುವುದು ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡ್ ತಡವಾಗಿ. ಸಿನಿಮಾ ನೋಡುವಾಗ ಆ್ಯಪು ಚಿತ್ರವನ್ನೂ ತಡಮಾಡಿ ಸರಿದೂಗಿಸುತ್ತದೆ, ಗೊತ್ತಾಗುವುದಿಲ್ಲ. ತಾಳಕ್ಕೆ ಹಾಡುವಾಗ ಕಾಲು ಸೆಕೆಂಡ್ ಎಂದರೆ ತಾಳವೇ ತಪ್ಪಿದಂತೆ. ತಂತಿಯ ಇಂಟರ್‌ಫೇಸಿನಲ್ಲಿ ಸಾಫ್ಟ್‌ವೇರಿನ ಬಫರ್ ಅನ್ನು 256ಕ್ಕೆ ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ ಅದರ ಪಾಲಿನ ತಡ 5 ಮಿಲಿಸೆಕೆಂಡ್ ಚಿಲ್ಲರೆ.

ಹೆಡ್‌ಫೋನಿನ ಸದ್ದು ಮಿತಿಯಲ್ಲಿರಲಿ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಒಳಗೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹಾಕಿಕೊಟ್ಟ ಲೆಕ್ಕ. ಸದ್ದು 3 ಡೆಸಿಬಲ್ ಏರಿದರೆ ಆ ಸಮಯ ಅರ್ಧವಾಗುತ್ತದೆ. ಮಿಕ್ಸಿಂಗ್ ಮಾಡುತ್ತ ರಾತ್ರಿ ಕೂತವರ ಕೈ ಗೊತ್ತಿಲ್ಲದೆ ವಾಲ್ಯೂಮ್ ಏರಿಸುತ್ತಲೇ ಹೋಗುತ್ತದೆ. ಒಳಗಿವಿಯ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯಲ್ಲಿ ಕುಯ್ಯ್ ಎಂಬ ಸದ್ದು ಶುರುವಾಗಿ ನಿಲ್ಲದಿದ್ದರೆ ಮನೆಮದ್ದು ಎಂದು ಎಣ್ಣೆ ಬಿಡದೆ ಕಿವಿ ವೈದ್ಯರಿಗೆ ತೋರಿಸಿ.

ಕಂಪ್ಯೂಟರ್, ಸಾಫ್ಟ್‌ವೇರ್, ಕರೆಂಟು

8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇರುವ ಸಾಧಾರಣ ಲ್ಯಾಪ್‌ಟಾಪ್ ಆರಂಭಕ್ಕೆ ಸಾಕು. ಸಾಫ್ಟ್‌ವೇರಿಗೆ ಹಣ ಕೊಡಲೇಬೇಕಿಲ್ಲ: ಆಡಾಸಿಟಿ ಉಚಿತ, ಆ್ಯಪಲ್ ಸಾಧನಗಳಲ್ಲಿ ಗ್ಯಾರೇಜ್‌ಬ್ಯಾಂಡ್ ಉಚಿತ, ಫೋನಿಗೆ ಬ್ಯಾಂಡ್‌ಲ್ಯಾಬ್ ಇದೆ. ರೀಪರ್ ಅನ್ನು 60 ದಿನ ಪೂರ್ತಿ ಬಳಸಿ ನೋಡಿ ಆಮೇಲೆ ಕೊಳ್ಳಬಹುದು. "ಫುಲ್ ಕ್ರ್ಯಾಕ್ ವರ್ಷನ್ ಲಿಂಕ್" ಎಂದು ಗ್ರೂಪುಗಳಲ್ಲಿ ಬರುವ ಫೈಲುಗಳನ್ನು ಮುಟ್ಟಬೇಡಿ. ಇನ್‌ಸ್ಟಾಲ್ ಮಾಡುವಾಗ ಆ್ಯಂಟಿವೈರಸ್ ಆಫ್ ಮಾಡಿ ಎಂದು ಅವೇ ಹೇಳುತ್ತವೆ. ಕಳ್ಳ ಬಂದು ನಾಯಿ ಕಟ್ಟಿಹಾಕಿ ಎಂದಂತೆ. ಅದೇ ಲ್ಯಾಪ್‌ಟಾಪಿನಲ್ಲಿ ನಿಮ್ಮ ಬ್ಯಾಂಕ್ ಪಾಸ್‌ವರ್ಡೂ ಇರುತ್ತದೆ.

ಕರೆಂಟಿನ ವಿಷಯಕ್ಕೆ ಬಂದರೆ, ರೆಕಾರ್ಡಿಂಗಿನಲ್ಲಿ ಒಂದೇ ಸಮನೆ ಬೂಂ ಎನ್ನುವ ಸದ್ದು ನಮ್ಮ 50 ಹರ್ಟ್ಸ್ ವಿದ್ಯುತ್ತಿನದು. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಇದು ಹೆಚ್ಚು. ಅಂಥ ಮನೆಯಲ್ಲಿ ಮೈಕಿನ ಜಾಲರಿ ತುಟಿಗೆ ತಾಗಿದರೆ ಸಣ್ಣಗೆ ಜುಂ ಎನ್ನುವುದೂ ಉಂಟು. "ಮೂರು ಪಿನ್ನಿನ ದಪ್ಪ ಪಿನ್ ಕತ್ತರಿಸಿದರೆ ಬೂಂ ನಿಲ್ಲುತ್ತದೆ" ಎಂಬ ಸಲಹೆ ಬರುತ್ತದೆ. ಸದ್ದು ನಿಲ್ಲಬಹುದು, ಆದರೆ ಉಪಕರಣದಲ್ಲಿ ಸೋರಿಕೆಯಾದ ದಿನ ಕರೆಂಟಿಗೆ ಭೂಮಿ ಸೇರಲು ನಿಮ್ಮ ಮೈಯೇ ದಾರಿ. ಪಿನ್ ಕತ್ತರಿಸಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಬೇಸಿಗೆಯಲ್ಲಿ ಒಣಗಿದ ಅರ್ಥಿಂಗ್ ಗುಂಡಿಗೆ ನೀರು ಹಾಕಿ. ಜಗಳೂರಿನಂಥ ಒಣನೆಲದಲ್ಲಿ ಇದು ಇನ್ನೂ ಮುಖ್ಯ. ತಕ್ಷಣಕ್ಕೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ಓಡಿಸಿ. ಎಷ್ಟೋ ಮನೆಗಳಲ್ಲಿ ಬೂಂ ಅಲ್ಲಿಗೇ ನಿಲ್ಲುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಓಡುವಾಗಲೂ ಕಿರಿಕಿರಿ ಸದ್ದು ಬರುತ್ತದೆ, ಆಗಲೂ ಇದೇ ಉಪಾಯ.

432 ಹರ್ಟ್ಸ್ ಇಟ್ಟರೆ ಹಾಡು ಆರೋಗ್ಯ ಕೊಡುತ್ತದೆಯೇ?

ಇದೂ ಒಂದು ಹಳೆಯ ಫಾರ್ವರ್ಡ್. 440 ಹರ್ಟ್ಸ್ ಶ್ರುತಿಯನ್ನು ನಾಜಿಗಳು ಜನರ ತಲೆ ಕೆಡಿಸಲು ತಂದರು, 432 ಪ್ರಕೃತಿಯ ಶ್ರುತಿ ಎಂದೆಲ್ಲ ಬರೆದಿರುತ್ತದೆ. 440 ಒಪ್ಪಿತವಾದದ್ದು 1939ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಭೆಯಲ್ಲಿ, ವಾದ್ಯಗಳು ಊರಿಂದೂರಿಗೆ ಹೊಂದಿಕೆಯಾಗಲಿ ಎಂದು. 432ಕ್ಕೆ ರೋಗ ವಾಸಿಮಾಡುವ ಗುಣವಿದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ನಮ್ಮ ಸಂಗೀತದಲ್ಲಿ ಶ್ರುತಿ ಹಾಡುವವರ ಕಂಠಕ್ಕೆ ತಕ್ಕಂತೆ ಬದಲಾಗುತ್ತಲೇ ಬಂದಿದೆ. ತೊಂದರೆ ಬೇರೆ ಕಡೆ ಇದೆ: ಸಾಫ್ಟ್‌ವೇರನ್ನು 432ಕ್ಕೆ ಇಟ್ಟು, 440ಕ್ಕೆ ಕೂಡಿಸಿದ ಹಾರ್ಮೋನಿಯಂ ನುಡಿಸಿದರೆ ಎರಡರ ನಡುವೆ ಅರ್ಧಸ್ವರದ ಮೂರರಲ್ಲೊಂದು ಪಾಲು ವ್ಯತ್ಯಾಸ ಬಂದು ಕಿವಿ ಕುಟುಕುತ್ತದೆ.

ಏನೂ ಇಲ್ಲದಿದ್ದರೆ?

ಕೈಯಲ್ಲಿ ಫೋನು ಮಾತ್ರ ಇದ್ದರೆ ಅದರಲ್ಲೇ ಶುರುಮಾಡಿ. ಬಿಲೀ ಐಲಿಷ್ 2020ರಲ್ಲಿ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪಡೆದ ಹಾಡುಗಳ ಬಹುಪಾಲು ಲಾಸ್ ಏಂಜಲೀಸಿನ ಮನೆಯೊಂದರ ಮಲಗುವ ಕೋಣೆಯಲ್ಲಿ, ಅಣ್ಣ ಫಿನಿಯಸ್ ಜೊತೆ ಕೂತು ಮಾಡಿದ್ದವು. ಅವರ ಬಳಿ ಒಳ್ಳೆಯ ಮೈಕು ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಕೋಣೆ ಮಾತ್ರ ಕೋಣೆಯೇ.

ಫೋನಿನಲ್ಲಿ ಒಂದು ಮುಖ್ಯ ತೊಡಕಿದೆ. ಕರೆ ಚೆನ್ನಾಗಿ ಕೇಳಲೆಂದು ಫೋನುಗಳು, ಆ್ಯಪುಗಳು ಹಿನ್ನೆಲೆಯ ಸದ್ದನ್ನು ಅಳಿಸುತ್ತವೆ. ಒಂದೇ ಸಮನೆ ಇರುವ ಸದ್ದನ್ನೆಲ್ಲ ಅವು ಫ್ಯಾನೋ ಮೋಟಾರೋ ಎಂದು ತಿಳಿಯುತ್ತವೆ. ತಂಬೂರಿ, ಶ್ರುತಿಪೆಟ್ಟಿಗೆಯ ನಾದವೂ ಅವಕ್ಕೆ ಹಾಗೆಯೇ. ಹಾಡಿನ ಹಿಂದಿನ ಶ್ರುತಿ ಬಂದುಹೋಗಿ ಮಾಡುತ್ತಿದ್ದರೆ ಕಾರಣ ಇದು. ಆ್ಯಪಿನ ಸೆಟ್ಟಿಂಗಿನಲ್ಲಿ ನಾಯ್ಸ್ ರಿಡಕ್ಷನ್, ಆಟೋ ಗೇನ್ ಎರಡನ್ನೂ ಆರಿಸಿ, ಫೈಲನ್ನು ವೇವ್ ರೂಪದಲ್ಲಿ ಉಳಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಸೋಬಾನೆ ಅಜ್ಜಿಯ ಮುಂದೆ ಒಂದು ಗೇಣು ದೂರದಲ್ಲಿ, ಮಡಿಸಿದ ಟವೆಲಿನ ಮೇಲೆ ಫೋನಿಟ್ಟು, ಹಿಂದೆ ಗಾದಿ ನಿಲ್ಲಿಸಿ, ಫ್ಯಾನ್ ಆರಿಸಿದರೆ ಬರುವ ದನಿ, ಮೊಟ್ಟೆ ಟ್ರೇ ಕೋಣೆಯ ದುಬಾರಿ ಮೈಕಿಗಿಂತ ಚೆನ್ನಾಗಿರುತ್ತದೆ. ಹಾಡುವ ಮುನ್ನ ಅವರ ಹೆಸರು, ಊರು, ಹಾಡನ್ನು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ಯೂಟ್ಯೂಬಿಗೆ ಹಾಕುವುದಾದರೆ ಕೇಳಿ ಒಪ್ಪಿಗೆ ಪಡೆಯಿರಿ.

ಮುಂದೆ ದುಡ್ಡು ಕೂಡಿದಂತೆ ಕೊಳ್ಳುವ ಕ್ರಮ ನಮ್ಮ ಪ್ರಕಾರ ಹೀಗೆ: ಮೊದಲು ತಂತಿಯ ಹೆಡ್‌ಫೋನ್, ಆಮೇಲೆ ಮೈಕು, ಸ್ಟ್ಯಾಂಡು ಮತ್ತು ಇಂಟರ್‌ಫೇಸ್ ಒಟ್ಟಿಗೆ. ಸ್ಟ್ಯಾಂಡನ್ನು ಜನ ಮರೆಯುತ್ತಾರೆ, ಕೈಯಲ್ಲಿ ಹಿಡಿದ ಮೈಕು ಬೆರಳು ಸರಿದ ಸದ್ದನ್ನೆಲ್ಲ ಹಿಡಿಯುತ್ತದೆ. ಅದರ ನಂತರ ಒಂದು ಹೊರಗಿನ ಹಾರ್ಡ್‌ಡಿಸ್ಕ್. ಮಿಡಿ ಕೀಬೋರ್ಡು ವಾದ್ಯ ಸಂಯೋಜನೆ ಮಾಡುವವರಿಗೆ ಮಾತ್ರ. ಬಣ್ಣದ ಲೈಟು ವಿಡಿಯೊಗೆ ಚೆಂದ, ಹಾಡಿಗೆ ಸಂಬಂಧವಿಲ್ಲ. ಸಾಲ ಮಾಡಿ, ಕಂತು ಕಟ್ಟಿ ಒಮ್ಮೆಲೇ ಎಲ್ಲ ತರಬೇಡಿ.

ಕೊನೆಯದಾಗಿ ಹಾಡು ಕಳಿಸುವಾಗ: ವಾಟ್ಸ್‌ಆ್ಯಪಿನಲ್ಲಿ ವಾಯ್ಸ್ ಮೆಸೇಜ್ ಆಗಿ ಕಳಿಸಿದರೆ ಅದು ಮಾತಿಗೆ ತಕ್ಕಷ್ಟು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹಿಂಡಿಬಿಡುತ್ತದೆ. ಪಿನ್ ಗುರುತು ಒತ್ತಿ ಡಾಕ್ಯುಮೆಂಟ್ ಆಯ್ದು ಫೈಲನ್ನು ಕಳಿಸಿ, ಆಗ ರೆಕಾರ್ಡ್ ಆದಂತೆಯೇ ತಲುಪುತ್ತದೆ. ಮೂಲ ವೇವ್ ಫೈಲನ್ನು ಫೋನಿನಿಂದ ಅಳಿಸುವ ಮುನ್ನ ಇನ್ನೆರಡು ಕಡೆ ಪ್ರತಿ ಇದೆಯೇ ಎಂದು ನೋಡಿಕೊಳ್ಳಿ.